ಇಂಕು ಬೀಳದ ಜಾಗವೇ ಬೆಳಕು: ಸುಲ್ತಾನಪೇಟೆಯ ಒಂದು ಪ್ರಿಂಟ್ ಅಂಗಡಿ

ಹಳೆಯ ಪುಸ್ತಕಗಳ ಕಪ್ಪು-ಬಿಳುಪು ಚಿತ್ರಗಳನ್ನು ಚೆನ್ನಾಗಿ ಪ್ರಿಂಟ್ ಮಾಡಿಸಿ ಗೋಡೆಗೆ ಹಾಕಬೇಕು ಅಂತ ಬೆಂಗಳೂರಲ್ಲಿ ಅಲೆಯುತ್ತಿರುವವರಿಗೆ ಈ ಬರಹ. ಸುಲ್ತಾನಪೇಟೆಯಲ್ಲಿ ಒಂದು ಅಂಗಡಿ ಸಿಕ್ಕಿದೆ. ಪ್ರಿಂಟಿನ ಕೆಲಸ ಬಹಳ ಚೆನ್ನಾಗಿದೆ. ಫ್ರೇಮಿನ ಬಗ್ಗೆ ನನಗೆ ತಕರಾರಿದೆ, ಅದನ್ನೂ ಹೇಳುತ್ತೇನೆ.

ಅಂಗಡಿಗೆ ಬೋರ್ಡಿಲ್ಲ. ಮದುವೆ ಕಾರ್ಡಿನ ಅಂಗಡಿಗಳ ಸಾಲಿನ ನಡುವೆ ಒಂದು ಕಿರಿದಾದ ಮೆಟ್ಟಿಲು ಹತ್ತಬೇಕು. ಮೇಲೆ ಒಂದು ದೊಡ್ಡ ಇಂಕ್‌ಜೆಟ್ ಮೆಷಿನ್, ಒಂದು ಕಟಿಂಗ್ ಮೇಜು, ಯಜಮಾನರು, ಕೆಲಸಕ್ಕೆ ಒಬ್ಬ ಹುಡುಗ. ಇಷ್ಟೇ. "ಹೆಸರು ಹಾಕ್ಬೇಡಿ ಮೇಡಂ, ಜನ ಜಾಸ್ತಿ ಬಂದ್ರೆ ನನ್ ಕೈಲಿ ಆಗಲ್ಲ" ಅಂತ ಅವರೇ ಹೇಳಿದ್ದರಿಂದ ಹೆಸರು ಹಾಕುತ್ತಿಲ್ಲ. ನಿಜವಾಗಿ ಬೇಕಾದವರು ಕೇಳಿ, ದಾರಿ ಹೇಳುತ್ತೇನೆ.

ಇಷ್ಟೊಂದು ಹಟ ಯಾಕೆ ಅಂದರೆ, ನಾನು ಕನ್ನಡ ಪತ್ರಿಕೆಗಳ ಕಥೆಗಳಿಗೆ ಚಿತ್ರ ಬರೆಯುವವಳು. ಇಂಡಿಯನ್ ಇಂಕು, ನಿಬ್ಬು, ಬ್ರಷ್ಷು. ಬಣ್ಣ ಇಲ್ಲ. ಕಥೆಯಲ್ಲಿ ಅಮಾವಾಸ್ಯೆ ಬರಲಿ, ಕಂದೀಲು ಹಿಡಿದು ಬಾಗಿಲಿಗೆ ಬಂದ ಅಜ್ಜಿ ಬರಲಿ, ಎಲ್ಲವನ್ನೂ ಆ ಒಂದೇ ಕಪ್ಪಿನಲ್ಲಿ ತೋರಿಸಬೇಕು. ರಾತ್ರಿ ಬರೆಯುವುದನ್ನು ನಾನು ಕಲಿತದ್ದು ಬಹುಪಾಲು ಯೂರೋಪಿನ ರೊಮ್ಯಾಂಟಿಕ್ ಕಾಲದ, ಅಂದರೆ ಸುಮಾರು ಇನ್ನೂರು ವರ್ಷ ಹಿಂದಿನ, ಪುಸ್ತಕಗಳಿಂದ. ಇಂಗ್ಲೆಂಡಿನ ಬ್ಲೇಕ್, ಜಾನ್ ಮಾರ್ಟಿನ್, ಫ್ರಾನ್ಸಿನ ದೆಲಾಕ್ರುವಾ. ಇವರ ಚಿತ್ರಗಳು ನನ್ನ ಮೇಜಿನ ಎದುರಿನ ಗೋಡೆಯಲ್ಲಿ ಇರಬೇಕು ಅಂತ ಬಹಳ ದಿನದ ಆಸೆ.

ಫೈಲುಗಳಿಗೆ ಈಗ ಕಷ್ಟವಿಲ್ಲ. ದೊಡ್ಡ ಮ್ಯೂಸಿಯಂಗಳೇ ಕೊಡುತ್ತವೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಿಂದ ಕಾಪಿರೈಟ್ ಮುಗಿದ ತನ್ನ ಚಿತ್ರಗಳನ್ನು ಯಾರು ಬೇಕಾದರೂ ಬಳಸಲಿ ಅಂತ ತೆರೆದಿಟ್ಟಿದೆ. ಕಷ್ಟ ಇರುವುದು ಪ್ರಿಂಟಿನಲ್ಲಿ. ಮೊದಲು ಊರಿನ ಇನ್ನೊಂದು ಕಡೆ ಕೊಟ್ಟಿದ್ದೆ. ಫೋಟೊ ಪೇಪರಿನ ಮೇಲೆ ಮಿರಮಿರ ಮಿಂಚುವ ಪ್ರಿಂಟ್ ಬಂತು. ಕಪ್ಪು ಇರುವ ಕಡೆಯೆಲ್ಲ ನನ್ನ ಮುಖವೇ ಕಾಣುತ್ತಿತ್ತು. ಅದಕ್ಕಿಂತ ಬೇಜಾರಾದದ್ದು ಬೆಳಕಿನ ಗತಿ ನೋಡಿ. ಮೂಲದ ಹಳೆ ಕಾಗದ ಹಳದಿ ತಿರುಗಿರುತ್ತದೆ ಅಲ್ವಾ, ಸ್ಕ್ಯಾನಿನಲ್ಲಿ ಆ ಹಳದಿಯೂ ಬಂದಿರುತ್ತದೆ. ಅಲ್ಲಿ ಅದನ್ನೂ ಚಿತ್ರದ ಭಾಗ ಅಂದುಕೊಂಡು ಹಾಗೇ ಒತ್ತಿದ್ದರು. ಅಂದರೆ ಚಂದ್ರನ ಮೇಲೂ ಇಂಕು, ದೀಪದ ಮೇಲೂ ಇಂಕು.

ಈ ಚಿತ್ರಗಳಲ್ಲಿ ಬಿಳಿ ಬಣ್ಣ ಅನ್ನುವುದೇ ಇಲ್ಲ. ಬೆಳಕು ಅಂತ ಕಾಣುವುದೆಲ್ಲ ಬರಿಯ ಕಾಗದ. ಅಲ್ಲಿ ತೆಳುವಾಗಿ ಇಂಕು ಸವರಿದರೂ ಚಿತ್ರ ಸತ್ತು ಹೋಗುತ್ತದೆ.

ಸುಲ್ತಾನಪೇಟೆಯ ಯಜಮಾನರು ಪೆನ್‌ಡ್ರೈವ್ ಹಾಕಿ, ಫೈಲು ತೆರೆದು, ಕೇಳಿದ ಮೊದಲ ಪ್ರಶ್ನೆ: "ಇದು ಲೈನಾ, ಟೋನಾ ಮೇಡಂ?"

ನನಗೆ ಅಲ್ಲೇ ನಂಬಿಕೆ ಬಂತು. ಅವರು ಹುಡುಗರಾಗಿದ್ದಾಗ ಬ್ಲಾಕ್ ಮಾಡುವ ಕಡೆ ಕೆಲಸ ಕಲಿತವರಂತೆ. ಅಚ್ಚುಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಚಿತ್ರ ಬೇಕೆಂದರೆ ಸತುವಿನ ತಗಡಿನಲ್ಲಿ ಬ್ಲಾಕ್ ಮಾಡಿಸಬೇಕಿತ್ತು. ಬರಿ ಗೆರೆಯ ಚಿತ್ರವಾದರೆ ಲೈನ್ ಬ್ಲಾಕ್. ಫೋಟೊದ ಹಾಗೆ ಬೂದು ಛಾಯೆಗಳಿದ್ದರೆ ಚುಕ್ಕಿಚುಕ್ಕಿಯ ಹಾಫ್‌ಟೋನ್ ಬ್ಲಾಕ್. ಆಮೇಲೆ ಆಫ್‌ಸೆಟ್ ಬಂತು, ಇವರು ಅಚ್ಚಿಗೆ ಬೇಕಾದ ಫಿಲ್ಮ್ ತೆಗೆಯುವ ಪ್ರೊಸೆಸ್ ಕ್ಯಾಮೆರಾ ಮುಂದೆ ನಿಂತು ವರ್ಷಗಟ್ಟಲೆ ಫಿಲ್ಮ್ ತೆಗೆದರು. ಹಾಗಾಗಿ ಕಪ್ಪು ಎಲ್ಲಿ ಮುಗಿಯಬೇಕು, ಬಿಳಿ ಎಲ್ಲಿ ಶುರುವಾಗಬೇಕು ಅನ್ನುವುದು ಅವರಿಗೆ ಕಣ್ಣಿನಲ್ಲೇ ಇದೆ. ಮೆಷಿನ್ ಹೊಸದು, ಕಣ್ಣು ಹಳೆಯದು. ಈ ಅಂಗಡಿಯ ಬೆಲೆ ಇರುವುದು ಅದರಲ್ಲಿ.

ನಾನು ಮೊದಲು ಕೊಟ್ಟದ್ದು ಬ್ಲೇಕನ ಚಿತ್ರಗಳು. ಇದು ಶುದ್ಧ ಲೈನ್. 1821ರಲ್ಲಿ ಥಾರ್ನ್‌ಟನ್ ಅನ್ನುವ ವೈದ್ಯರು ಶಾಲೆಯ ಮಕ್ಕಳಿಗಾಗಿ ರೋಮನ್ ಕವಿ ವರ್ಜಿಲ್ ಪದ್ಯಗಳ ಪುಸ್ತಕವೊಂದನ್ನು ಹೊಸದಾಗಿ ಅಚ್ಚು ಹಾಕಿಸಿದರು. ಅದಕ್ಕೆ ವಿಲಿಯಂ ಬ್ಲೇಕ್ ಮರದ ಅಚ್ಚಿನಲ್ಲಿ 17 ಚಿತ್ರ ಕೆತ್ತಿಕೊಟ್ಟ. ಒಂದೊಂದೂ ಸುಮಾರು ಮೂರೂವರೆ ಸೆಂಟಿಮೀಟರ್ ಎತ್ತರ, ಏಳೂವರೆ ಅಗಲ. ಅಷ್ಟೇ. ಪುಟಕ್ಕೆ ಹೊಂದಲಿ ಅಂತ ಅಚ್ಚುಗಳ ಅಂಚನ್ನೂ ಕತ್ತರಿಸಿದರು. ಕೆಲಸ ಒರಟಾಗಿದೆ ಅಂತ ಪ್ರಕಾಶಕರಿಗೆ ಅಳುಕು, ಕ್ಷಮೆ ಕೇಳುವ ಧಾಟಿಯ ಒಂದು ಟಿಪ್ಪಣಿಯನ್ನೂ ಸೇರಿಸಿದರು. ನನಗೋ ಆ ಒರಟುತನವೇ ಪ್ರಾಣ.

ಮರದ ಅಚ್ಚಿನಲ್ಲಿ ಕೆತ್ತದೆ ಬಿಟ್ಟದ್ದೆಲ್ಲ ಕಪ್ಪಾಗಿ ಬೀಳುತ್ತದೆ. ಕೆತ್ತಿದ ಗೆರೆ ಬಿಳಿ. ಅಂದರೆ ಕೆಲಸ ಶುರುವಾಗುವುದು ಪೂರ್ತಿ ಕತ್ತಲಿಂದ, ಉಳಿಯ ಒಂದೊಂದು ಗೀರೂ ಒಂದೊಂದು ಬೆಳಕು. ಇದನ್ನು ಬೆಳೆಸಿದವನು ಇಂಗ್ಲೆಂಡಿನ ನ್ಯೂಕಾಸಲ್‌ನ ಥಾಮಸ್ ಬ್ಯೂಯಿಕ್. ಬಾಕ್ಸ್‌ವುಡ್ ಅನ್ನುವ ಗಟ್ಟಿ ಮರವನ್ನು ಅಡ್ಡಕ್ಕೆ ಕೊಯ್ದು, ಆ ಮುಖದ ಮೇಲೆ ಚೂಪಾದ ಉಳಿಯಲ್ಲಿ ಕೆತ್ತುತ್ತಿದ್ದ. 1797ರಲ್ಲಿ ಬಂದ ಅವನ ಹಕ್ಕಿಗಳ ಪುಸ್ತಕ ನೋಡಿ, ಒಂದು ಪುಕ್ಕದ ಅಂಚಿನಲ್ಲಿ ಎಷ್ಟು ಬಗೆಯ ಬೂದು ಇದೆ ಅಂತ. ದೂರದ ಮರಗಿಡ ಮಸುಕಾಗಿ ಬರಲಿ ಅಂತ ಅಚ್ಚಿನ ಆ ಭಾಗವನ್ನೇ ಸ್ವಲ್ಪ ತಗ್ಗಿಸುತ್ತಿದ್ದ, ಅಲ್ಲಿ ಒತ್ತಡ ಕಡಿಮೆ ಬಿದ್ದು ಇಂಕು ತೆಳುವಾಗಿ ಹತ್ತುತ್ತಿತ್ತು. ಬ್ಲೇಕನಿಗೆ ಆ ನಯ ಬೇಕಿರಲಿಲ್ಲ. ಗಾಳಿಗೆ ಬಾಗಿದ ಮರ, ನೆಲಕ್ಕೊರಗಿದ ಪೈರು, ಇವನ್ನು ಕೆಲವೇ ಗೀರುಗಳಲ್ಲಿ ಮುಗಿಸಿಬಿಡುತ್ತಾನೆ. ಇನ್ನೊಂದರಲ್ಲಿ ದಾರಿ ನಡೆಯುವ ಪ್ರಯಾಣಿಕ, ಪಕ್ಕದಲ್ಲಿ ಮೈಲಿಗಲ್ಲು. ಸುತ್ತ ಗುಡ್ಡಗಳೆಲ್ಲ ಕಪ್ಪು, ಅವುಗಳ ಅಂಚಿನಲ್ಲಿ ಮಾತ್ರ ಬೆಳಕಿನ ಗೀರು. ಹಗಲೋ ರಾತ್ರಿಯೋ ಹೇಳಲಾಗದ ಹೊತ್ತು ಅದು.

ಇವನ್ನು ದೊಡ್ಡದು ಮಾಡಿಸೋಣ ಅಂತ ನನ್ನ ಜೊತೆ ಬಂದ ಗೆಳತಿ ಹೇಳಿದಳು. ಯಜಮಾನರು ಕೇಳಿದರು, ಹೂಂ ಅಂದರು, ಒಂದು ಪ್ರೂಫನ್ನು (ನೋಡಲಿಕ್ಕೆ ಹೊಡೆಯುವ ಪ್ರಿಂಟು) ಮೂಲದ ಅಳತೆಗೂ ಇನ್ನೊಂದನ್ನು ಅದರ ಮೂರರಷ್ಟು ದೊಡ್ಡದಾಗಿಯೂ ಹೊಡೆದು ಪಕ್ಕಪಕ್ಕ ಇಟ್ಟರು. ಮಾತಾಡಲಿಲ್ಲ. ದೊಡ್ಡದರಲ್ಲಿ ಗೀರುಗಳು ಬರಿ ಗೀರುಗಳಾಗಿ ಕಂಡವು. ಚಿಕ್ಕದರಲ್ಲಿ ಅದೇ ಗೀರು ಸಂಜೆಯ ಬೆಳಕಾಗಿತ್ತು. ಚಿಕ್ಕದನ್ನೇ ತಗೊಂಡೆವು. ನಾಲ್ಕು ಚಿತ್ರ ಒಂದೇ ಹಾಳೆಯಲ್ಲಿ, ಸುತ್ತ ಧಾರಾಳವಾಗಿ ಖಾಲಿ ಬಿಟ್ಟು. ಕಾಗದ ಹತ್ತಿಯ ನಾರಿನದು, ಸ್ವಲ್ಪ ಕೆನೆ ಬಣ್ಣ, ಮಿಂಚಿಲ್ಲ. ಸ್ಕ್ಯಾನಿನ ಹಳದಿಯನ್ನು ಪೂರ್ತಿ ತೆಗೆದುಹಾಕಿದರು. "ಹಳೇ ಕಾಗದದ ಬಣ್ಣ ಬೇಕು ಅಂದ್ರೆ ಕಾಗದವೇ ಕೊಡ್ಲಿ, ಇಂಕಲ್ಲಿ ಕೊಡ್ಬಾರ್ದು" ಅಂದರು. ಇಷ್ಟನ್ನು ತಿಳಿದು ಹೇಳುವವರು ಊರಲ್ಲಿ ಎಷ್ಟು ಜನ ಇದ್ದಾರೆ ಹೇಳಿ?

ಮಾರ್ಟಿನ್‌ನ ಚಿತ್ರದ ಕಥೆಯೇ ಬೇರೆ. ಅದಕ್ಕೇ ಅತಿ ಹೆಚ್ಚು ಹೊತ್ತು ಹಿಡಿದದ್ದು.

ಇಂಗ್ಲಿಷ್ ಕವಿ ಮಿಲ್ಟನ್‌ನ 'ಪ್ಯಾರಡೈಸ್ ಲಾಸ್ಟ್' ಕಾವ್ಯಕ್ಕೆ ಜಾನ್ ಮಾರ್ಟಿನ್ 24 ಚಿತ್ರ ಮಾಡಿದ. 1825ರಿಂದ 1827ರವರೆಗೆ ಕಂತುಕಂತಾಗಿ ಬಂದವು. ಇವು ಮೆಜೊಟಿಂಟ್. ಲೋಹದ ತಗಡಿನ ಮೈ ಪೂರ್ತಿ ಹಲ್ಲುಹಲ್ಲಿನ ಉಪಕರಣ ಓಡಿಸಿ ಒರಟು ಮಾಡುತ್ತಾರೆ. ಆಗ ಇಂಕು ಹಚ್ಚಿ ಒತ್ತಿದರೆ ಹಾಳೆ ಮಖಮಲ್ಲಿನಷ್ಟು ಗಾಢ ಕಪ್ಪು. ಆಮೇಲೆ ಬೆಳಕು ಬೇಕಾದ ಕಡೆ ಆ ಒರಟನ್ನು ಹೆರೆದು, ಉಜ್ಜಿ, ನುಣುಪು ಮಾಡುತ್ತಾ ಬರಬೇಕು. ನುಣುಪಾದಷ್ಟೂ ಇಂಕು ನಿಲ್ಲುವುದಿಲ್ಲ, ಅಷ್ಟೂ ಬೆಳಕು. ಇಲ್ಲಿಯೂ ಶುರು ಕತ್ತಲಿಂದಲೇ, ಆದರೆ ಬ್ಲೇಕನ ಗೀರಿನ ಬದಲು ಹೊಗೆಯ ಹಾಗೆ ನಿಧಾನ ತಿಳಿಯಾಗುವ ಬೆಳಕು. ಮಾರ್ಟಿನ್ ಬಳಸಿದ್ದು ಆಗಷ್ಟೇ ರೂಢಿಗೆ ಬಂದಿದ್ದ ಉಕ್ಕಿನ ತಗಡು. ತಾಮ್ರದ್ದಾದರೆ ಬೇಗ ಸವೆದು ಕಪ್ಪು ಮಂಕಾಗುತ್ತಿತ್ತು.

ನಾನು ಕೊಟ್ಟ ಚಿತ್ರದಲ್ಲಿ ಸೈತಾನ ನರಕದ ಸಭೆ ನಡೆಸುತ್ತಿದ್ದಾನೆ. ದೊಡ್ಡ ಗೋಳದ ಮೇಲೆ ಸಿಂಹಾಸನ, ಸುತ್ತ ಮೆಟ್ಟಿಲುಮೆಟ್ಟಿಲಾಗಿ ಕೂತ ಸಾವಿರಾರು ಜನ, ಮೇಲೆ ಬಳೆಬಳೆಯಾಗಿ ದೀಪಗಳು. ಲಂಡನ್ನಿನ ಬೀದಿಗಳಿಗೆ ಗ್ಯಾಸ್ ದೀಪ ಬಂದು ಇನ್ನೂ ಹೊಸದರಲ್ಲಿ ಮಾಡಿದ ಚಿತ್ರ ಅನ್ನುವುದನ್ನು ನೆನೆಸಿಕೊಂಡು ನೋಡಿ. ಮನುಷ್ಯ ಹಚ್ಚಿದ ದೀಪ ಅಷ್ಟು ದೊಡ್ಡ ಕತ್ತಲನ್ನು ಮೊದಲ ಸಲ ಹಿಂದಕ್ಕೆ ತಳ್ಳುತ್ತಿದ್ದ ಕಾಲ. ಸೈತಾನನ ಮನೆಗೂ ಆ ಬೆಳಕು ಬಂದಿದೆ, ಆದರೂ ಜನರ ಮುಖ ಕಾಣುವಷ್ಟು ಸಾಲುವುದಿಲ್ಲ. ಚಿತ್ರದ ಭಯ ಇರುವುದು ಆ ಸಾಲದ ಬೆಳಕಿನಲ್ಲಿ. (ಈ ಅಂಗಡಿಯಿಂದ ನಡೆದು ಹೋಗುವಷ್ಟು ಹತ್ತಿರ, ಕೆ.ಆರ್. ಮಾರ್ಕೆಟ್ ಕಡೆ, 1905ರಲ್ಲಿ ಬೆಂಗಳೂರಿನ ಮೊದಲ ಕರೆಂಟಿನ ಬೀದಿದೀಪಗಳು ಹತ್ತಿದವು. ಆ ದಿನ ನಿಂತು ನೋಡಿದವರ ಕಣ್ಣಿಗೆ ಹೇಗಿದ್ದಿರಬೇಕು ಅಂತ ಮೆಟ್ಟಿಲಿಳಿಯುವಾಗ ಅನ್ನಿಸಿತು.)

ಇಂಥ ಚಿತ್ರವನ್ನು ಕಂಪ್ಯೂಟರಿನ ಕೈಗೆ ಕೊಟ್ಟರೆ ಅದು ಸುಮ್ನೆ ಇರುವುದಿಲ್ಲ. ಕತ್ತಲಲ್ಲಿ ಏನೋ ಮುಚ್ಚಿಹೋಗಿದೆ ಅಂತ ಎತ್ತಿ ತೋರಿಸಲು ಹೋಗುತ್ತದೆ. ಮೂಲೆಯ ಕಪ್ಪೆಲ್ಲ ಬೂದು, ಹಿಂದಿನ ಸಾಲಿನವರೆಲ್ಲ ಸ್ಪಷ್ಟ, ನರಕ ಮಾಯ. ಯಜಮಾನರು ಆಟೊ ಬಟನ್ ಮುಟ್ಟಲಿಲ್ಲ. ಚಿತ್ರದ ಬಲಗಡೆ ಮೂಲೆಯ ಒಂದು ಪಟ್ಟಿಯನ್ನು ಮಾತ್ರ ಬೇರೆಬೇರೆ ಕಾಗದದಲ್ಲಿ ಹೊಡೆದು, ಕಿಟಕಿಯ ಹತ್ತಿರ ತಂದು, ಭೂತಗನ್ನಡಿ ನನ್ನ ಕೈಗೆ ಕೊಟ್ಟರು.

ಹತ್ತಿ ಕಾಗದದ ಪಟ್ಟಿಯಲ್ಲಿ ಕಪ್ಪು ಮೆತ್ತಗಿತ್ತು, ಆದರೆ ತಳ ಸಿಗುತ್ತಿತ್ತು. ಇದ್ದಿಲಿನಷ್ಟು ಕಪ್ಪು, ಅಲ್ಲಿಗೆ ನಿಂತಿತು. ಎರಡನೆಯದು ಬರೈಟಾ ಕಾಗದ, ಹಳೆ ಕಾಲದ ಸ್ಟುಡಿಯೊ ಫೋಟೊಗಳಲ್ಲಿ ಇರುತ್ತಿತ್ತಲ್ಲ, ತೆಳುವಾದ ಹೊಳಪಿನದು. ಅದರಲ್ಲಿ ಕಪ್ಪು ಇನ್ನೂ ಆಳಕ್ಕೆ ಹೋಯಿತು. ಕಪ್ಪಿನೊಳಗೆ ಇನ್ನೊಂದು ಕಪ್ಪು, ಅದರ ಅಂಚಿನಲ್ಲಿ ಒಂದು ತಲೆ, ಒಂದು ಭುಜ. ಬರಿಗಣ್ಣಿಗೆ ಇದೆಯೋ ಇಲ್ಲವೋ ಅನ್ನುವಷ್ಟು. ಮಾರ್ಟಿನ್ ತಗಡಿನ ಮೇಲೆ ಉಜ್ಜಿ ಉಜ್ಜಿ ತಂದದ್ದು ಇದನ್ನೇ. ಕಾಗದವನ್ನು ಓರೆ ಹಿಡಿದರೆ ಸ್ವಲ್ಪ ಹೊಳಪು ಹೊಡೆಯುತ್ತದೆ, ನಿಜ. ಆದರೂ ಬರೈಟಾ ಅಂದೆ. ಯಜಮಾನರ ಮತ ಹತ್ತಿ ಕಾಗದದ ಕಡೆಗಿತ್ತು, ಅದು ಹೆಚ್ಚು ದಿನ ಬಾಳುತ್ತದೆ ಅಂತ. ಆಮೇಲೆ ಪೂರ್ತಿ ಪ್ರಿಂಟ್ ಹೊರಗೆ ಬಂದಾಗ ಅವರೇ ತುಂಬ ಹೊತ್ತು ನೋಡಿದರು.

ದೆಲಾಕ್ರುವಾನದು ಲೈನೂ ಅಲ್ಲ, ಟೋನೂ ಅಲ್ಲ. 1828ರಲ್ಲಿ ಪ್ಯಾರಿಸ್ಸಿನಲ್ಲಿ ಜರ್ಮನ್ ಕವಿ ಗಯಟೆಯ 'ಫೌಸ್ಟ್' ನಾಟಕದ ಫ್ರೆಂಚ್ ಅನುವಾದ ಬಂತು, ಅದಕ್ಕೆ ಇವನ 17 ಚಿತ್ರ, ಜೊತೆಗೆ ಗಯಟೆಯ ಒಂದು ಭಾವಚಿತ್ರ. ಎಲ್ಲ ಕಲ್ಲಚ್ಚು. ಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಬರೆಯುವುದು, ನೀರು ಸವರುವುದು, ಇಂಕು ಜಿಡ್ಡಿಗಷ್ಟೇ ಹತ್ತುತ್ತದೆ. ನಮ್ಮ ಮೊದಲ ಕನ್ನಡ ಪತ್ರಿಕೆ 'ಮಂಗಳೂರು ಸಮಾಚಾರ' 1843ರಲ್ಲಿ ಅಚ್ಚಾದದ್ದೂ ಕಲ್ಲಚ್ಚಿನಲ್ಲೇ. ಇಲ್ಲಿ ಶುರುವಾಗುವುದು ಬೆಳಕಿನಿಂದ, ಕತ್ತಲನ್ನು ಮೇಲೆ ಸವರುತ್ತಾ ಹೋಗಬೇಕು. ದೆಲಾಕ್ರುವಾ ಅಷ್ಟಕ್ಕೇ ಬಿಡುವುದಿಲ್ಲ, ಸವರಿದ್ದನ್ನು ಮತ್ತೆ ಕೆರೆದು ಬೆಳಕು ತರುತ್ತಾನೆ. ಮೊದಲ ಚಿತ್ರದಲ್ಲಿ ನಾಟಕದ ಪಿಶಾಚಿ ಮೆಫಿಸ್ಟೋಫಿಲಿಸ್ ರೆಕ್ಕೆ ಬಿಚ್ಚಿ ರಾತ್ರಿಯ ಊರಿನ ಮೇಲೆ ಹಾರುತ್ತಿದ್ದಾನೆ. ಕೆಳಗೆ ಚರ್ಚಿನ ಗೋಪುರಗಳು. ಆಕಾಶದ ಬೂದು ಭಾಗವನ್ನು ಭೂತಗನ್ನಡಿಯಲ್ಲಿ ನೋಡಿದರೆ ಬರಿ ಕಲ್ಲಿನ ಕಾಳುಗಳು. ಆ ಕಾಳು ಉಳಿಯಬೇಕಾದರೆ ಫೈಲನ್ನು ಶಾರ್ಪ್ ಮಾಡಬಾರದು, ನುಣುಪೂ ಮಾಡಬಾರದು. ಹಾಗೇ ಬಿಡಬೇಕು. ಇವರು ಹಾಗೇ ಬಿಟ್ಟರು. ನನ್ನ ಗೋಡೆಯಲ್ಲಿ ಈಗ ಬಂದವರೆಲ್ಲ ಮೊದಲು ನಿಂತು ನೋಡುವುದು ಇದನ್ನೇ.

ಫ್ರೆಂಚ್ ಚಿತ್ರಕಾರ ದೋರೆಯ ಚಿತ್ರವನ್ನೂ ಕೊಟ್ಟಿದ್ದೆ, ಇಂಗ್ಲಿಷ್ ಕವಿ ಕೋಲರಿಜ್ ಬರೆದ ಮುದಿ ನಾವಿಕನ ಪದ್ಯಕ್ಕೆ ಮಾಡಿದ್ದು, ಹಿಮದ ನಡುವೆ ಸಿಕ್ಕಿಕೊಂಡ ಹಡಗು. ಪದ್ಯ 1798ರದ್ದು, ಚಿತ್ರ 1870ರ ದಶಕದ್ದು. ಕಾಲ ತಡವಾದರೂ ಮನಸ್ಸು ಅದೇ ಹಳೆಯದು. ಗುಸ್ತಾವ್ ದೋರೆ ಮರದ ಅಚ್ಚಿನ ಮೇಲೆ ಬ್ರಷ್ಷಿನಲ್ಲಿ ಛಾಯೆ ಹಾಕಿ ಕೊಡುತ್ತಿದ್ದ, ಅದನ್ನು ಗೆರೆಗೆರೆಯಾಗಿ ಕೆತ್ತುತ್ತಿದ್ದವರು ಬೇರೆ ಕೆಲಸಗಾರರು. ಈ ಫೈಲನ್ನು ಯಜಮಾನರು ಪ್ರಿಂಟ್ ಮಾಡಲೇ ಇಲ್ಲ. ದೊಡ್ಡದು ಮಾಡಿ ತೋರಿಸಿದರು, ಗೆರೆಯ ಮೇಲೆ ಚುಕ್ಕಿ ಕಾಣುತ್ತಿತ್ತು. ಯಾವುದೋ ಮರುಮುದ್ರಣದ ಹಾಫ್‌ಟೋನಿನಿಂದ ಸ್ಕ್ಯಾನ್ ಮಾಡಿದ ಫೈಲು. ಹೊಡೆದರೆ ಆಕಾಶದಲ್ಲೆಲ್ಲ ಜಾಲರಿ ಬರುತ್ತದೆ, ಮೂಲ ಪುಸ್ತಕದಿಂದ ಮಾಡಿದ್ದು ತನ್ನಿ ಅಂದರು. ದುಡ್ಡು ಬರುವ ಕೆಲಸವನ್ನು ಹೀಗೆ ವಾಪಸ್ ಕಳಿಸುವವರ ಮೇಲೆ ನನಗೆ ಬಹಳ ಗೌರವ.

ದರದ ವಿಷಯ. ಎ3 ಅಳತೆಯ ಹತ್ತಿ ಕಾಗದದ ಪ್ರಿಂಟಿಗೆ ನನಗೆ 1,100 ರೂಪಾಯಿ ಬಿತ್ತು, ಬರೈಟಾಕ್ಕೆ ಸ್ವಲ್ಪ ಜಾಸ್ತಿ. ಪ್ರೂಫಿನ ಪಟ್ಟಿಗಳಿಗೆ ಬೇರೆ ದುಡ್ಡು ತಗೊಳ್ಳಲಿಲ್ಲ. ಫೋಟೊ ಸ್ಟುಡಿಯೊದ ಪ್ರಿಂಟಿಗೆ ಹೋಲಿಸಿದರೆ ದುಬಾರಿ ಅನ್ನಿಸುತ್ತದೆ. ಬೇಗ ಮಾಸದ ಪಿಗ್ಮೆಂಟ್ ಇಂಕು, ಒಳ್ಳೆ ಕಾಗದ, ಮತ್ತು ಅವರು ನನ್ನ ಜೊತೆ ಕಳೆದ ಹೊತ್ತು, ಎಲ್ಲ ಸೇರಿಸಿದರೆ ನ್ಯಾಯವಾದ ಬೆಲೆ.

ಇನ್ನು ಫ್ರೇಮ್. ಇದು ನನಗೆ ಒಪ್ಪಿಗೆಯಾಗಲಿಲ್ಲ. ಫ್ರೇಮ್ ಕೆಲಸವನ್ನು ಅವರು ಪಕ್ಕದ ಗಲ್ಲಿಗೆ ಕಳಿಸುತ್ತಾರೆ. ಅಲ್ಲಿ ಜಾಸ್ತಿ ಮಾಡುವುದು ದೇವರ ಪಟ ಮತ್ತು ಮದುವೆ ಫೋಟೊ. ಚಿನ್ನದ ಬಣ್ಣದ ಬೀಡಿಂಗ್ (ಫ್ರೇಮಿನ ಪಟ್ಟಿ) ದೇವರಿಗೆ ಚೆಂದ. ಬ್ಲೇಕನ ಸುತ್ತ ಹಾಕಿದರೆ ಚಿತ್ರದ ಸಣ್ಣ ಬೆಳಕನ್ನೆಲ್ಲ ಅದೇ ನುಂಗುತ್ತದೆ. ಸಾದಾ ಕಪ್ಪು ಬೀಡಿಂಗ್ ಬೇಕು ಅಂತ ಒತ್ತಿ ಹೇಳಬೇಕಾಯಿತು. ಗಾಜು ಮಾಮೂಲಿ ಗಾಜು, ಮಾರ್ಟಿನ್‌ನ ನರಕದಲ್ಲಿ ನಮ್ಮ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಪ್ರತಿಫಲನ ಇಲ್ಲದ ಗಾಜು ಬೇರೆ ಕಡೆಯಿಂದ ತರಿಸಿ ಕೊಡಬೇಕಾಯಿತು. ಚಿತ್ರದ ಸುತ್ತ ಕೂರುವ ಮೌಂಟ್ ಬೋರ್ಡ್ ಆಸಿಡ್ ಇಲ್ಲದ್ದೇ ಆಗಬೇಕು ಅಂತ ಮೊದಲೇ ಹೇಳಿ, ಇಲ್ಲದಿದ್ದರೆ ಕೆಲವು ವರ್ಷದಲ್ಲಿ ಚಿತ್ರ ಕಾಣಲು ಬೋರ್ಡಿನಲ್ಲಿ ಕತ್ತರಿಸಿದ ಕಿಂಡಿಯ ಅಂಚಿನುದ್ದಕ್ಕೂ ಕಂದು ಗೆರೆ ಬೀಳುತ್ತದೆ. ಮಳೆಗಾಲದ ತೇವಕ್ಕೆ ಪ್ರಿಂಟು ಗಾಜಿಗೆ ಅಂಟದ ಹಾಗೆ ನಡುವೆ ಸಂದು ಬಿಡಿಸಿ, ಹಿಂಭಾಗಕ್ಕೆ ಪೂರ್ತಿ ಟೇಪ್ ಹಾಕಿಸಿ. ಪ್ರಿಂಟಿಗೆ ಐದಕ್ಕೆ ಐದು ಕೊಡುತ್ತೇನೆ. ಫ್ರೇಮಿಗೆ ಎರಡೂವರೆ.

ಮನೆಯಲ್ಲಿ ಎಲ್ಲಿ ಹಾಕುತ್ತೀರಿ ಅನ್ನುವುದೂ ಮುಖ್ಯ. ಈ ಪುಸ್ತಕಗಳನ್ನು ಮೊದಲು ಓದಿದವರು ಕಿಟಕಿಯ ಬೆಳಕಲ್ಲಿ, ಮೇಣದ ಬತ್ತಿಯಲ್ಲಿ, ಎಣ್ಣೆ ದೀಪದಲ್ಲಿ ಓದಿದವರು. ಚಿತ್ರಗಳೂ ಆ ಬೆಳಕಿಗೇ ಹೊಂದುತ್ತವೆ. ತಲೆ ಮೇಲಿನ ಬಿಳಿ ಎಲ್‌ಇಡಿ ನೇರ ಬಿದ್ದರೆ ಕಪ್ಪು ಬೂದಿಯಾಗುತ್ತದೆ. ನಾನು ಕಿಟಕಿಯ ಎದುರು ಹಾಕದೆ ಪಕ್ಕದ ಗೋಡೆಗೆ ಹಾಕಿದ್ದೇನೆ, ಬೆಳಕು ಓರೆಯಾಗಿ ಬರುತ್ತದೆ. ಸಂಜೆಗೆ ಹಳದಿ ಬಲ್ಬಿನ ಒಂದು ಟೇಬಲ್ ಲ್ಯಾಂಪ್ ಸಾಕು. ನೇರ ಬಿಸಿಲು ಮಾತ್ರ ಬೇಡವೇ ಬೇಡ.

ಹೋಗುವವರು ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿದು ನಡೆಯಿರಿ. ಗಾಡಿ ತಗೊಂಡು ಹೋದರೆ ನಿಲ್ಲಿಸಲು ಜಾಗ ಸಿಗುವುದಿಲ್ಲ. ಬೆಳಿಗ್ಗೆ ಹನ್ನೊಂದರ ಮೇಲೆ ಹೋಗಿ, ಆ ಹೊತ್ತಿಗೆ ಅವರ ಕಿಟಕಿಗೆ ಒಳ್ಳೆ ಬೆಳಕಿರುತ್ತದೆ, ಪ್ರೂಫನ್ನು ಅಲ್ಲೇ ನೋಡಿ. ಭಾನುವಾರ ರಜ. ಮದುವೆ ಸೀಸನ್ನಿನಲ್ಲಿ ಇಡೀ ಸುಲ್ತಾನಪೇಟೆಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ, ಇವರೂ ಕಾರ್ಡಿನ ಪ್ರೂಫುಗಳಲ್ಲಿ ಮುಳುಗಿರುತ್ತಾರೆ. ಆಷಾಢದಲ್ಲಿ ಹೋಗಿ. ಆಗ ಕಾರ್ಡಿನ ಕೆಲಸ ಇರುವುದಿಲ್ಲ, ಒಂದು ಮೂಲೆಯ ಕಪ್ಪಿಗೋಸ್ಕರ ಎಷ್ಟು ಪಟ್ಟಿ ಬೇಕಾದರೂ ಬೇಜಾರಿಲ್ಲದೆ ಹೊಡೆದು ಕೊಡುತ್ತಾರೆ.